ಒಬ್ಬರೇ ಲೇಖಕರನ್ನು ಮೂವತ್ತು ವರ್ಷ ಓದುವುದೆಂದರೆ

ಹಾಸನದ ಜಿಲ್ಲಾ ಕೇಂದ್ರ ಗ್ರಂಥಾಲಯದಿಂದ 1992ರಲ್ಲಿ ನಾನು ಮನೆಗೆ ತಂದ ಎ.ಎನ್. ಮೂರ್ತಿರಾಯರ ಪ್ರಬಂಧಗಳ ಪುಸ್ತಕದ ಕೊನೆಯ ಹಾಳೆಗೆ ಒಂದು ತಾರೀಖಿನ ಚೀಟಿ ಅಂಟಿಸಿತ್ತು. ಅದರ ಮೇಲೆ ನೇರಳೆ ಶಾಯಿಯ ಮೊಹರುಗಳು, ಕೆಲವು ನೆಟ್ಟಗೆ, ಕೆಲವು ಓರೆಯಾಗಿ, ಕೆಲವು ಶಾಯಿ ಒಣಗಿ ಅರ್ಧವಷ್ಟೇ ಮೂಡಿದವು. ಒಂದು ತಾರೀಖಿಗೂ ಇನ್ನೊಂದಕ್ಕೂ ನಡುವೆ ಕೆಲವೆಡೆ ಹದಿನೈದು ದಿನಗಳ ಅಂತರವಿದ್ದರೆ ಕೆಲವೆಡೆ ಐದಾರು ತಿಂಗಳು ಪುಸ್ತಕ ಕಪಾಟಿನಲ್ಲೇ ಉಳಿದಿತ್ತು. ಒಳಗೆ ಪುಟ ತಿರುಗಿಸುತ್ತ ಹೋದರೆ, ನನಗಿಂತ ಮೊದಲು ಆ ಪುಸ್ತಕವನ್ನು ಓದಿದವರು ಒಬ್ಬೊಬ್ಬರಾಗಿ ಕಾಣಿಸಿಕೊಳ್ಳುತ್ತಿದ್ದರು. ಒಬ್ಬರು ನಗು ಬರುವ ಜಾಗಗಳಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಉದ್ದ ಗೆರೆ ಎಳೆದಿದ್ದರು. ಇನ್ನೊಬ್ಬರು, ಬಹುಶಃ ಮೇಷ್ಟರೇ ಇರಬೇಕು, ಅಚ್ಚಿನ ತಪ್ಪುಗಳನ್ನು ನೀಲಿ ಶಾಯಿಯಲ್ಲಿ ತಿದ್ದಿ, ಬಿಟ್ಟುಹೋಗಿದ್ದ ಒತ್ತಕ್ಷರವನ್ನು ಅಕ್ಷರದ ಕೆಳಗೆ ಮುದ್ದಾಗಿ ಕೂರಿಸಿದ್ದರು. ಒಂದು ಪ್ರಬಂಧದ ಕೊನೆಯಲ್ಲಿ, ಖಾಲಿ ಉಳಿದ ಅರ್ಧ ಪುಟದ ಮೇಲೆ, ಮೂರನೆಯ ಒಂದು ಕೈ ಎರಡೇ ಮಾತು ಬರೆದಿತ್ತು: ‘ನಿಜ, ನಿಜ.’

ಗ್ರಂಥಾಲಯದ ಪುಸ್ತಕದಲ್ಲಿ ಬರೆಯುವುದು ತಪ್ಪೆಂದು ನನಗೆ ಕಲಿಸಿದವರು ನನ್ನ ಅಪ್ಪ, ಮತ್ತು ಅವರು ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದವರು. ಆದರೂ ಆ ‘ನಿಜ, ನಿಜ’ ಎಂಬುದನ್ನು ಬರೆದವರ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ. ಆ ಮನುಷ್ಯ ಯಾರಿಗೂ ತೋರಿಸಲೆಂದು ಅದನ್ನು ಬರೆದಿರಲಿಲ್ಲ. ಓದಿ ಮುಗಿಸಿದ ಕ್ಷಣದಲ್ಲಿ ಎದುರಿಗೆ ಯಾರೂ ಇರಲಿಲ್ಲ, ಹೇಳದೆ ಇರಲು ಆಗಲಿಲ್ಲ, ಅಷ್ಟೆ. ಒಬ್ಬ ಪ್ರಬಂಧಕಾರನನ್ನು ಜನ ಮೆಚ್ಚುವ ಬಗೆಯ ಕುರಿತು ಯೋಚಿಸಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಎರಡು ಮಾತುಗಳೇ. ಕಾದಂಬರಿಕಾರನನ್ನು ಮೆಚ್ಚುವವರು ಪಾತ್ರಗಳ ಬಗ್ಗೆ ಮಾತಾಡುತ್ತಾರೆ, ಕವಿಯನ್ನು ಮೆಚ್ಚುವವರು ಸಾಲುಗಳನ್ನು ಬಾಯಿಪಾಠ ಹೇಳುತ್ತಾರೆ. ಪ್ರಬಂಧಕಾರನ ಓದುಗ ಮಾತ್ರ ಎದುರು ಕುಳಿತು ಮಾತಾಡುತ್ತಿರುವ ಸ್ನೇಹಿತನಿಗೆ ತಲೆದೂಗುವಂತೆ ತಲೆದೂಗುತ್ತಾನೆ.

ಮೂರ್ತಿರಾಯರನ್ನು ಓದದವರಿಗಾಗಿ ನಾಲ್ಕು ಮಾತು. ಅವರು 1900ರಲ್ಲಿ ಈಗಿನ ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎಂ.ಶ್ರೀಯವರ ಶಿಷ್ಯರಾಗಿದ್ದು, ಮುಂದೆ ತಾವೂ ಇಂಗ್ಲಿಷ್ ಅಧ್ಯಾಪಕರಾದರು. 1937ರಲ್ಲಿ ಬಂದ ‘ಹಗಲುಗನಸುಗಳು’ ಕನ್ನಡ ಲಲಿತ ಪ್ರಬಂಧಕ್ಕೆ ಒಂದು ದಾರಿ ಹಾಕಿಕೊಟ್ಟಿತು. 1979ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, 1984ರಲ್ಲಿ ಕೈವಾರದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇವೆಲ್ಲ ಯಾವ ಪರಿಚಯ ಲೇಖನದಲ್ಲೂ ಸಿಗುವ ಸಂಗತಿಗಳು. ಪ್ಲೇಟೋ, ಶೇಕ್ಸ್‌ಪಿಯರ್, ಮೋಲಿಯೇರರನ್ನು ಅಷ್ಟು ಆಳವಾಗಿ ಓದಿ, ಅವರನ್ನು ಕನ್ನಡಕ್ಕೂ ತಂದ ಒಬ್ಬರು, ತಮ್ಮ ಪ್ರಬಂಧಗಳಲ್ಲಿ ಆ ಓದಿನ ಭಾರವನ್ನು ನಮ್ಮ ತಲೆಯ ಮೇಲೆ ಇಳಿಸಲೇ ಇಲ್ಲವಲ್ಲ ಎಂಬುದು ನನಗೆ ಇವತ್ತಿಗೂ ಬೆರಗಿನ ವಿಷಯ. ಓದು ಅವರ ಬರಹದಲ್ಲಿ ಹಾಲಿನಲ್ಲಿ ಕರಗಿದ ಸಕ್ಕರೆಯಂತೆ ಇದೆ. ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗದು, ಇಲ್ಲದಿದ್ದರೆ ಮಾತ್ರ ತಿಳಿಯುತ್ತಿತ್ತು.

ಮೊದಲ ಸಲ ಆ ಪುಸ್ತಕವನ್ನು ನಾನು ಎರಡು ದಿನದಲ್ಲಿ ಮುಗಿಸಿಬಿಟ್ಟೆ. ಹಾಗೆ ಮಾಡಬಾರದಿತ್ತೆಂದು ತಿಳಿಯಲು ಕೆಲವು ವರ್ಷ ಬೇಕಾದವು. ಕಥೆಯಾದರೆ ಮುಂದೇನು ಎಂಬ ಕುತೂಹಲ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಪ್ರಬಂಧದಲ್ಲಿ ಮುಂದೇನೂ ಆಗುವುದಿಲ್ಲ. ಒಬ್ಬ ಮನುಷ್ಯ ಒಂದು ಸಣ್ಣ ಸಂಗತಿಯನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ನಡುವೆ ಬೇರೆಲ್ಲಿಗೋ ಹೋಗಿ, ಮತ್ತೆ ಬಂದು ಅದನ್ನು ಎತ್ತಿದ ಜಾಗದಲ್ಲೇ ಇಡುತ್ತಾನೆ. ಅದನ್ನು ನೋಡುವುದಕ್ಕೆ ಅವನಷ್ಟೇ ಬಿಡುವು ನಮಗೂ ಬೇಕು. ಆದ್ದರಿಂದ ದಿನಕ್ಕೆ ಒಂದೇ ಪ್ರಬಂಧ, ಅದೂ ಮನೆಗೆಲಸವೆಲ್ಲ ಮುಗಿದು ಮುಂದಿನ ಕೆಲಸ ಶುರುವಾಗುವುದಕ್ಕೆ ಸ್ವಲ್ಪ ಹೊತ್ತಿರುವಾಗ, ಎಂಬುದನ್ನು ನಾನು ರೂಢಿ ಮಾಡಿಕೊಂಡೆ. ಒಂದು ಮುಗಿದ ಮೇಲೆ ಎರಡನೆಯದು ಎಷ್ಟೇ ಕರೆದರೂ ಪುಸ್ತಕ ಮುಚ್ಚುತ್ತೇನೆ. ಓದಿದ್ದು ಸಾರಿಗೆ ಒಗ್ಗರಣೆ ಹಾಕುವಾಗಲೋ ಬ್ಯಾಂಕಿನ ಸಾಲಿನಲ್ಲಿ ನಿಂತಾಗಲೋ ತಾನಾಗಿ ಮತ್ತೆ ನೆನಪಿಗೆ ಬರಬೇಕು. ಹಾಗೆ ಬಂದರೆ ಮಾತ್ರ ಓದು ಮುಗಿಯಿತು ಎಂದು ನನ್ನ ಲೆಕ್ಕ.

ಕೆಲವು ವರ್ಷಗಳ ಹಿಂದೆ ನನ್ನ ಮಗಳು ಎಸ್‌ಎಸ್‌ಎಲ್‌ಸಿಯಲ್ಲಿದ್ದಾಗ ಒಂದು ಸಂಜೆ ಪಕ್ಕದ ಕೋಣೆಯಿಂದ ಅವಳು ಗಟ್ಟಿಯಾಗಿ ಓದುತ್ತಿದ್ದುದು ಕೇಳಿಸಿತು. ‘ಶಾನುಭೋಗರ ಬ್ರಹ್ಮಾಸ್ತ್ರ ಯಾವುದು? ಖಿರ್ದಿ ಪುಸ್ತಕ. ಶಾನುಭೋಗರ ಬ್ರಹ್ಮಾಸ್ತ್ರ ಯಾವುದು? ಖಿರ್ದಿ ಪುಸ್ತಕ.’ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದುಹೋದೆ. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಮೂರ್ತಿರಾಯರ ‘ವ್ಯಾಘ್ರಗೀತೆ’ ಇದೆಯೆಂದು ನನಗೆ ಆಗಲೇ ಗೊತ್ತಾದದ್ದು. ಮದಲಿಂಗನ ಕಣಿವೆಯ ದಾರಿಯಲ್ಲಿ ಒಬ್ಬ ಶಾನುಭೋಗರಿಗೆ ಹುಲಿ ಎದುರಾಗುತ್ತದೆ. ಅದು ಭರತಖಂಡದ ಸತ್ಕುಲದಲ್ಲಿ ಹುಟ್ಟಿದ ಹುಲಿಯಾದ್ದರಿಂದ ಬೆನ್ನ ಹಿಂದಿನಿಂದ ಹಾರುವುದು ಅಧರ್ಮವೆಂದು ಬಲ್ಲದು. ಶಾನುಭೋಗರಿಗೂ ಆ ಗುಟ್ಟು ಹೊಳೆದು, ಅವರು ಹುಲಿಗೆ ಬೆನ್ನು ಮಾಡಿಯೇ ನಿಲ್ಲುತ್ತಾರೆ. ಹಸಿವಿಗೂ ಧರ್ಮಕ್ಕೂ ನಡುವೆ ಸಿಕ್ಕಿದ ಆ ಹುಲಿಯ ಸಂಕಟವನ್ನು ಓದಿ ನಾನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಒಬ್ಬಳೇ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆ. ಅದೇ ಪ್ರಬಂಧ ನನ್ನ ಮಗಳ ಪಾಲಿಗೆ ಒಂದು ಅಂಕದ ಪ್ರಶ್ನೆಗಳು ಎಂಟು, ಎರಡು ಅಂಕದವು ಆರು ಎಂದು ಹಂಚಿಹೋಗಿತ್ತು.

ಪರೀಕ್ಷೆಯನ್ನು ದೂರಿ ಪ್ರಯೋಜನವಿಲ್ಲ. ಆ ಪಠ್ಯದ ಕೃಪೆಯಿಂದಲೇ ಮೂರ್ತಿರಾಯರ ಹೆಸರು ಕರ್ನಾಟಕದ ಅದೆಷ್ಟೋ ಮನೆಗಳನ್ನು ತಲುಪಿದೆ. ನಮ್ಮ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಯೂ ಇದೆ. ಸ್ವಾರಸ್ಯ ಎಂಬ ಆ ಶಬ್ದವನ್ನು ಆರಿಸಿದವರಿಗೆ ಓದೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಸ್ವಾರಸ್ಯವನ್ನು ಗೈಡಿನಿಂದ ನಕಲು ಮಾಡಿ ಬರೆಯುವ ಸ್ಥಿತಿ ಬಂದಾಗ ಮಗುವಿಗೆ ಉಳಿಯುವುದೇನು? ಆ ರಾತ್ರಿ ಊಟವಾದ ಮೇಲೆ ಪಠ್ಯಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡು ನಾನೇ ಓದಿದೆ, ಪ್ರಶ್ನೆಗಳಿಲ್ಲದೆ, ಮೊದಲಿಂದ ಕೊನೆಯವರೆಗೆ. ಅವಳು ಮೊದಲು ನಕ್ಕದ್ದು ಹುಲಿಯ ಧರ್ಮಸಂಕಟಕ್ಕೆ. ಆಮೇಲೆ ಕೇಳಿದಳು: ‘ಅಮ್ಮ, ಶಾನುಭೋಗರು ಅಂದರೆ ಯಾರು?’

ಆ ಪ್ರಶ್ನೆಗೆ ಉತ್ತರ ಕೊಟ್ಟವರು ಅಪ್ಪ, ಫೋನಿನಲ್ಲಿ, ಅರ್ಧ ಗಂಟೆ. ಹಳ್ಳಿಯ ಲೆಕ್ಕಪತ್ರ ಬರೆಯುವ ಹುದ್ದೆ ತಂದೆಯಿಂದ ಮಗನಿಗೆ ಬರುತ್ತಿದ್ದುದು, ವಂಶಪಾರಂಪರ್ಯವಾದ ಅಂಥ ಹುದ್ದೆಗಳನ್ನೆಲ್ಲ ರದ್ದುಮಾಡುವ ಕಾಯಿದೆ 1961ರಲ್ಲಿ ಬಂದದ್ದು, ಖಿರ್ದಿ ಎಂದರೆ ಶಾನುಭೋಗರಿಗೆ ಪ್ರಾಣಕ್ಕಿಂತ ಹೆಚ್ಚಾದ ಲೆಕ್ಕದ ಪುಸ್ತಕವೆಂಬುದು, ಅಂಥದ್ದನ್ನು ಹುಲಿಯ ಮೇಲೆ ಎಸೆಯುವುದೆಂದರೆ ಆ ಮನುಷ್ಯನಿಗೆ ಎಂಥ ಗತಿ ಬಂದಿರಬೇಕು ಎಂಬುದು, ಎಲ್ಲವನ್ನೂ ಹೇಳಿದರು. ತಮ್ಮ ಸೋದರಮಾವ ಶಾನುಭೋಗರಾಗಿದ್ದರೆಂದೂ, ಅವರ ಪುಸ್ತಕವನ್ನು ಮಕ್ಕಳು ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತೆಂದೂ ಹೇಳಿದರು. ಖಿರ್ದಿ ಯಾಕೆ ಬ್ರಹ್ಮಾಸ್ತ್ರವೆಂದು ಮಗಳಿಗೆ ಆಗ ತಿಳಿಯಿತು. ಪ್ರಬಂಧಗಳು ಹಳತಾಗುವುದು ಹೀಗೆ. ಭಾಷೆ ಹಳತಾಗಿರುವುದಿಲ್ಲ, ಅದರೊಳಗಿನ ವಸ್ತುಗಳು ಮನೆಯಿಂದ ಮಾಯವಾಗಿರುತ್ತವೆ. ಅವುಗಳನ್ನು ಕಂಡವರೊಬ್ಬರು ಪಕ್ಕದಲ್ಲಿದ್ದರೆ ಬರಹ ಮತ್ತೆ ಎದ್ದು ಕೂರುತ್ತದೆ.

ಅಪ್ಪನಿಗೆ ಈಗ ಎಂಬತ್ತನಾಲ್ಕು ವರ್ಷ. ಕಣ್ಣಿನ ನರಕ್ಕೆ ಸಂಬಂಧಿಸಿದ ತೊಂದರೆಯಿಂದ ಆರು ವರ್ಷಗಳಿಂದ ಅವರಿಗೆ ಅಚ್ಚಾದ ಅಕ್ಷರ ಓದಲಾಗುವುದಿಲ್ಲ. ಜೀವಮಾನವಿಡೀ ಓದಿದವರಿಗೆ ಅದು ಎಂಥ ನಷ್ಟವೆಂದು ಅವರು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ: ‘ಪೇಪರು ಬರುತ್ತೆ ಕಣಮ್ಮ, ಮಡಿಸಿಟ್ಟ ಹಾಗೇ ರದ್ದಿಗೆ ಹೋಗುತ್ತೆ.’ ಅಂದಿನಿಂದ ನಾನು ಹದಿನೈದು ದಿನಕ್ಕೊಮ್ಮೆ, ಶನಿವಾರ, ಮೈಸೂರಿನಿಂದ ಹಾಸನಕ್ಕೆ ಹೋಗಿ ಅವರಿಗೆ ಓದಿ ಹೇಳುತ್ತೇನೆ. ಮಧ್ಯಾಹ್ನ ಮೂರಕ್ಕೆ ಕಾಫಿ, ಕಾಫಿಯ ಲೋಟ ಕೆಳಗಿಟ್ಟ ಮೇಲೆ ಓದು. ಏನೇನೋ ಓದಿ ನೋಡಿದೆವು. ಕಾದಂಬರಿ ಎರಡು ವಾರದ ಅಂತರದಲ್ಲಿ ಎಳೆ ತಪ್ಪಿಹೋಗುತ್ತಿತ್ತು, ಪತ್ರಿಕೆಯ ಸುದ್ದಿ ಹಳಸಿರುತ್ತಿತ್ತು. ಕೊನೆಗೆ ನಿಂತದ್ದು ಪ್ರಬಂಧವೇ. ಇಪ್ಪತ್ತು ನಿಮಿಷಕ್ಕೆ ಒಂದು ಮುಗಿಯುತ್ತದೆ, ಮುಗಿದ ಮೇಲೆ ಅದರ ಬಗ್ಗೆ ನಲವತ್ತು ನಿಮಿಷ ಮಾತಾಡಬಹುದು.

ಮೂರ್ತಿರಾಯರ ವಾಕ್ಯ ಎಷ್ಟು ಚೆನ್ನಾಗಿ ಕಟ್ಟಿದ್ದೆಂದು ನನಗೆ ಪೂರ್ತಿ ತಿಳಿದದ್ದು ಹೀಗೆ ಗಟ್ಟಿಯಾಗಿ ಓದಲು ಶುರುಮಾಡಿದ ಮೇಲೆ. ಉಸಿರು ತೆಗೆದುಕೊಳ್ಳಬೇಕಾದ ಜಾಗದಲ್ಲೇ ಅವರ ವಾಕ್ಯ ತಿರುಗುತ್ತದೆ. ನಗು ಬರಿಸುವ ಪದವನ್ನು ಆದಷ್ಟೂ ಕೊನೆಗೆ ತಳ್ಳಿ, ಅದು ಬಂದ ಮೇಲೆ ಇನ್ನೊಂದು ಪದವನ್ನೂ ಆಡುವುದಿಲ್ಲ. ಅಪ್ಪ ಆ ಪದ ಬರುವುದಕ್ಕೆ ಮೊದಲೇ ನಗಲು ಶುರುಮಾಡುತ್ತಾರೆ, ಏಕೆಂದರೆ ಅವರಿಗೆ ಅದು ಬರಲಿದೆಯೆಂದು ಗೊತ್ತು. ಭುಜ ಮೊದಲು ಅಲುಗುತ್ತದೆ, ಆಮೇಲೆ ನಗು. ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದಿದ್ದ ಆ ಓದುಗರು ಎಲ್ಲೆಲ್ಲಿ ನಕ್ಕಿದ್ದರೋ ಬಹುಪಾಲು ಅಲ್ಲಲ್ಲೇ ಅಪ್ಪನೂ ನಗುತ್ತಾರೆ ಎಂಬುದನ್ನು ನಾನು ಗಮನಿಸಿದ್ದೇನೆ.

ಒಂದು ಪುಸ್ತಕದ ವಿಷಯದಲ್ಲಿ ಮಾತ್ರ ನನಗೆ ಅಳುಕಿತ್ತು. 1991ರಲ್ಲಿ, ತೊಂಬತ್ತು ದಾಟಿದ ಮೇಲೆ, ಮೂರ್ತಿರಾಯರು ‘ದೇವರು’ ಎಂಬ ಪುಸ್ತಕ ಪ್ರಕಟಿಸಿ, ತಮಗೆ ದೇವರಲ್ಲಿ ನಂಬಿಕೆ ಏಕಿಲ್ಲವೆಂಬುದನ್ನು ವಿವರಿಸಿದರು. ಅದಕ್ಕೆ ಪಂಪ ಪ್ರಶಸ್ತಿ ಬಂತು. ಅಪ್ಪ ಇವತ್ತಿಗೂ ಬೆಳಗಿನ ಪೂಜೆ ಮುಗಿಯದೆ ಕಾಫಿ ಮುಟ್ಟುವವರಲ್ಲ. ಆ ಪುಸ್ತಕವನ್ನು ಓದಲೇ ಬೇಡವೇ ಎಂದು ನಾನು ಕೇಳಿದಾಗ ಅವರು, ‘ಅವರು ಬರೆದದ್ದು ತಾನೆ, ಓದು’ ಎಂದರು. ಅದನ್ನು ಓದಿ ಮುಗಿಸಲು ನಮಗೆ ಸುಮಾರು ಒಂದು ವರ್ಷ ಹಿಡಿಯಿತು. ಎಷ್ಟೋ ಪುಟಗಳಲ್ಲಿ ಅಪ್ಪ ಕೈ ಎತ್ತಿ ನಿಲ್ಲಿಸಿ ವಾದ ಮಾಡಿದರು, ನನ್ನೊಡನೆ ಅಲ್ಲ, ಮೂರ್ತಿರಾಯರೊಡನೆ. ‘ಇಲ್ಲಿ ರಾಯರು ಅವಸರ ಮಾಡಿದರು’ ಎನ್ನುವರು. ಮುಂದಿನ ಪುಟದಲ್ಲಿ ತಮ್ಮ ಆಕ್ಷೇಪಕ್ಕೆ ಉತ್ತರ ಸಿಕ್ಕರೆ, ‘ಹೂಂ, ಅದನ್ನೂ ಯೋಚಿಸಿದ್ದಾರೆ’ ಎಂದು ಸುಮ್ಮನಾಗುವರು. ಕೊನೆಯ ಪುಟ ಮುಗಿದ ದಿನ ನಾನು ಕೇಳಿದೆ, ನಿಮಗೆ ಏನನ್ನಿಸಿತು ಎಂದು. ‘ನಾನು ಒಪ್ಪಲಿಲ್ಲ. ಆದರೆ ಮನುಷ್ಯ ಒಂದು ಕಡೆಯೂ ಸುಳ್ಳು ಹೇಳಲಿಲ್ಲ ಕಣಮ್ಮ. ನಂಬುವವರನ್ನು ಒಂದು ಕಡೆಯೂ ಹಗುರವಾಗಿ ಆಡಲಿಲ್ಲ’ ಎಂದರು. ಮರುದಿನ ಬೆಳಗ್ಗೆ ಎಂದಿನಂತೆ ಪೂಜೆ ಮಾಡಿದರು.

ನಮ್ಮ ಓದುಗರಲ್ಲಿ ಈಗ ಕಡಿಮೆಯಾಗುತ್ತಿರುವುದು ಇದೇ ಎಂದು ನನಗೆ ಅನ್ನಿಸುತ್ತದೆ. ನಮ್ಮ ಅಭಿಪ್ರಾಯವನ್ನೇ ಚೆನ್ನಾಗಿ ಬರೆದುಕೊಡುವವರನ್ನು ನಾವು ಮೆಚ್ಚಿನ ಲೇಖಕರೆಂದು ಕರೆಯತೊಡಗಿದ್ದೇವೆ. ಅವರು ಒಂದು ದಿನ ನಮ್ಮ ಮನಸ್ಸಿಗೆ ಒಪ್ಪದ್ದನ್ನು ಬರೆದರೆ ಮೋಸ ಹೋದಂತೆ ಸಿಡುಕುತ್ತೇವೆ. ಅಪ್ಪ ಮೂರ್ತಿರಾಯರನ್ನು ಮೆಚ್ಚಿದ್ದು ಅವರ ತೀರ್ಮಾನಗಳಿಗಾಗಿ ಅಲ್ಲ, ಆ ತೀರ್ಮಾನಕ್ಕೆ ಅವರು ನಡೆದುಬಂದ ದಾರಿಗಾಗಿ, ಆ ದಾರಿಯಲ್ಲಿ ಎದುರಾದವರನ್ನು ಅವರು ಮಾತಾಡಿಸಿದ ರೀತಿಗಾಗಿ. ಹಾಗೆ ಮೆಚ್ಚಿದ ಲೇಖಕರು ನಮ್ಮ ಕೈಬಿಡುವುದಿಲ್ಲ, ನಾವೂ ಅವರ ಕೈಬಿಡಬೇಕಾಗುವುದಿಲ್ಲ.

ಮೈಸೂರು-ಹಾಸನ ರೈಲಿನಲ್ಲಿ ಈಗ ನಾನು ಓದುವುದು ಫೋನಿನಲ್ಲಿ. ಹಳೆಯ ಕನ್ನಡ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಉಳಿಸಿದವರಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದೇನೋ ಲೆಕ್ಕವಿಲ್ಲ. ಎಲ್ಲಿಯೂ ಸಿಗದೆ ಹೋಗಿದ್ದ ಪುಸ್ತಕಗಳು ಅಂಗೈಗೆ ಬಂದವು. ಸ್ಕ್ಯಾನ್ ಮಾಡಿದ ಪುಟ ಫೋನಿನ ಅಗಲಕ್ಕೆ ಹಿಡಿಸುವುದಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದಾಚೆ ಹೋಗುತ್ತದೆ, ಪ್ರತಿ ಸಾಲಿಗೂ ಹೆಬ್ಬೆರಳಿನಿಂದ ಪುಟವನ್ನು ಎಡಕ್ಕೆ ತಳ್ಳಿ ಮತ್ತೆ ಬಲಕ್ಕೆ ಎಳೆಯಬೇಕು. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ಗಮನಿಸಿದೆ, ಅದರಿಂದಾಗಿ ನಾನು ಒಂದು ಪದವನ್ನೂ ಹಾರಿಸದೆ ಓದುತ್ತಿದ್ದೆ. ಆದರೆ ಉದ್ದನೆಯ ವಾಕ್ಯದ ನಡಿಗೆ ಮಾತ್ರ ಫೋನಿನಲ್ಲಿ ಮುರಿದುಹೋಗುತ್ತದೆ, ಅದಕ್ಕೆ ಪರಿಹಾರ ನನಗೆ ಇನ್ನೂ ಸಿಕ್ಕಿಲ್ಲ. ಒಮ್ಮೆ ಅಂಥ ಒಂದು ಸ್ಕ್ಯಾನ್ ಪ್ರತಿಯಲ್ಲಿ ಯಾವುದೋ ಕಾಲೇಜಿನ ಗ್ರಂಥಾಲಯದ ದುಂಡನೆಯ ಮೊಹರೂ, ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಎಳೆದ ಗೆರೆಗಳೂ ಕಂಡವು. ಕಾಗದದ ಪುಸ್ತಕ ಎಲ್ಲಿದೆಯೋ ಏನಾಯಿತೋ, ಅದರ ಓದುಗರ ಗೆರೆ ಮಾತ್ರ ಕೆ.ಆರ್. ನಗರ ದಾಟಿದ ರೈಲಿನೊಳಗೆ ನನ್ನ ಕೈಯಲ್ಲಿತ್ತು.

ವಾಟ್ಸ್‌ಆ್ಯಪ್‌ನಲ್ಲಿ ಪ್ರಬಂಧದ ಒಂದೆರಡು ಸಾಲು ಕಿತ್ತು, ಸೂರ್ಯೋದಯದ ಚಿತ್ರದ ಮೇಲೆ ಹಚ್ಚಿ ಕಳಿಸುವ ರೂಢಿ ಮಾತ್ರ ನನಗೆ ನೋವು ತರುತ್ತದೆ. ಎಷ್ಟೋ ಸಲ ಬರೆದವರ ಹೆಸರೂ ಇರುವುದಿಲ್ಲ. ಪ್ರಬಂಧವೆಂಬುದು ನುಡಿಮುತ್ತುಗಳನ್ನು ಪೋಣಿಸಿದ ಸರವಲ್ಲ. ಒಂದು ಒಳ್ಳೆಯ ಸಾಲು ಅಲ್ಲಿ ಒಳ್ಳೆಯದಾಗಿರುವುದು ಅದರ ಹಿಂದಿನ ನಾಲ್ಕು ಪುಟದ ಅಲೆದಾಟದಿಂದ.

ನಾನೊಂದು ಕಾಗದದ ವಿಷಯ ಹೇಳಲೇಬೇಕು. 1998ರಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ತಂದು ಮೂರ್ತಿರಾಯರಿಗೆ ಬರೆಯಲು ಕುಳಿತಿದ್ದೆ. ಅವರಿಗೆ ಆಗ ತೊಂಬತ್ತೆಂಟು. ‘ನಿಮ್ಮ ಪ್ರಬಂಧಗಳನ್ನು ಓದಿ ಬಹಳ ಸಂತೋಷವಾಯಿತು’ ಎಂದು ಬರೆದ ಮೇಲೆ ಮುಂದಿನ ವಾಕ್ಯ ಬರಲಿಲ್ಲ. ಅಷ್ಟು ದೊಡ್ಡವರಿಗೆ ಇಷ್ಟು ಸಣ್ಣ ಮಾತೇ ಎಂದು ಸಂಕೋಚವಾಯಿತು. ಇನ್ನೂ ಚೆನ್ನಾಗಿ ಬರೆಯೋಣವೆಂದು ಅದನ್ನು ಪುಸ್ತಕದೊಳಗಿಟ್ಟೆ. ಅವರ ವಿಳಾಸ ನನ್ನಲ್ಲಿರಲಿಲ್ಲ ನಿಜ, ಆದರೆ ಪ್ರಕಾಶಕರ ವಿಳಾಸ ಪುಸ್ತಕದ ಮೊದಲ ಪುಟದಲ್ಲೇ ಇತ್ತು. 2003ರ ಆಗಸ್ಟಿನಲ್ಲಿ, ನೂರಮೂರು ವರ್ಷ ತುಂಬಿದ್ದ ಅವರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಆ ಕಾಗದ ಇನ್ನೂ ಪುಸ್ತಕದೊಳಗೇ ಇತ್ತು. ಐದು ವರ್ಷ ಸಮಯ ಕೊಟ್ಟಿದ್ದರು. ಈಗಲೂ ಅದು ಅಲ್ಲೇ ಇದೆ, ನೀಲಿ ಬಣ್ಣ ಮಡಿಕೆಗಳ ಬಳಿ ಬಿಳಿಚಿದೆ.

ಅಂದಿನಿಂದ, ಇಂದು ಬರೆಯುತ್ತಿರುವ ಪ್ರಬಂಧಕಾರರಲ್ಲಿ ಯಾರ ಬರಹ ಹಿಡಿಸಿದರೂ ಅದೇ ದಿನ ಅವರಿಗೆ ಬರೆದು ಕಳಿಸುತ್ತೇನೆ. ಚೆನ್ನಾಗಿದೆ ಎಂದಷ್ಟೇ ಬರೆಯುವುದಿಲ್ಲ. ಯಾವ ವಾಕ್ಯದ ಬಳಿ ನಿಂತೆ, ಅದನ್ನು ಯಾರಿಗೆ ಓದಿ ಹೇಳಿದೆ, ಅವರು ಏನೆಂದರು ಎಂಬುದನ್ನು ಬರೆಯುತ್ತೇನೆ. ಮನೆಯಲ್ಲಿ ಒಬ್ಬರೇ ಕುಳಿತು ಬರೆಯುವವರಿಗೆ ತಮ್ಮ ವಾಕ್ಯ ಯಾವ ಊರಿನ ಯಾವ ಮನೆಯವರೆಗೆ ಹೋಯಿತೆಂಬುದು ತಿಳಿಯಬೇಕು. ಉತ್ತರ ಬಂದರೆ ಸಂತೋಷ, ಬರದಿದ್ದರೂ ಕೊರತೆಯಿಲ್ಲ.

ಹಾಸನದ ರೈಲು ಅಕ್ಕಿಹೆಬ್ಬಾಳಿನಲ್ಲಿ ನಿಲ್ಲುತ್ತದೆ. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರದ ಹೆಸರು ಕಿಟಕಿಗೆ ಬಂದಾಗ, ಏನು ಓದುತ್ತಿದ್ದರೂ ನಾನು ಫೋನು ಮುಚ್ಚಿ ಹೊರಗೆ ನೋಡುತ್ತೇನೆ. ಕಳೆದ ಶನಿವಾರ ಒಬ್ಬ ಹೆಂಗಸು ಸೊಪ್ಪಿನ ಗಂಟಿನ ಜೊತೆ ಹತ್ತಿ ನನ್ನ ಪಕ್ಕ ಕುಳಿತರು. ಅಷ್ಟರಲ್ಲಿ ರೈಲು ಹೊರಟಿತು. ಮಧ್ಯಾಹ್ನ ಮೂರಕ್ಕೆ ಅಪ್ಪ ಕಾಫಿಯ ಲೋಟ ಕೆಳಗಿಟ್ಟು ಗೋಡೆಗೆ ಒರಗಿ ಕುಳಿತರು. ಹಿಂದಿನ ಸಲ ಯಾರೋ ನೆಂಟರು ಬಂದು ಓದು ನಡುವೆಯೇ ನಿಂತಿತ್ತು.

‘ಎಲ್ಲಿಗೆ ನಿಲ್ಲಿಸಿದ್ದೆವು?’ ಎಂದು ಕೇಳಿದರು.

‘ಶಾನುಭೋಗರು ಬೆನ್ನು ತಿರುಗಿಸಿ ನಿಂತಿದ್ದಾರೆ. ಹುಲಿ ಕಾಯುತ್ತಿದೆ.’

‘ಹದಿನೈದು ದಿನವಾಯಿತಲ್ಲಮ್ಮ, ಪಾಪ, ಹಸಿದಿರುತ್ತೆ’ ಎಂದರು ಅಪ್ಪ. ಅವರ ಭುಜ ಆಗಲೇ ಅಲುಗುತ್ತಿತ್ತು. ‘ಓದು.’